ಮೂಗೆತ್ತಿ ನಿಂತ ಕಾರು

ದೇವದುರ್ಗದ ಅಮರೇಶ ಮಾಸ್ತರರ ಕಾರು ಮೂಗೆತ್ತಿ ನಿಂತಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಗಮನಿಸಿದವರು ಸ್ವತಃ ಅಮರೇಶ ಮಾಸ್ತರರೇ. ರಾಯಚೂರಿನಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡು, ಮಗಳ ಮನೆಯಲ್ಲಿ ವಾರವಿದ್ದು ಮರಳಿದ ಮಾರನೆಯ ಬೆಳಿಗ್ಗೆ ಅವರು ಕಪ್ಪು ಕನ್ನಡಕ ಏರಿಸಿಕೊಂಡು ಅಂಗಳದ ತಗಡಿನ ಶೆಡ್ಡಿನ ಮುಂದೆ ನಿಂತರು.

"ಮೌನೇಶ್ವರೀ, ಗಾಡಿ ನೋಡಿಲ್ಲಿ. ಮುಂದಿನ ಕಡೆ ನಾಕು ಬೆರಳು ಮ್ಯಾಲೆದ್ದದ."

ಒಳಗೆ ಅಕ್ಕಿ ಹಸನು ಮಾಡುತ್ತಿದ್ದ ಹೆಂಡತಿಯ ಕೈಯಲ್ಲಿ ಮೊರ ಸ್ತಬ್ಧವಾಯಿತು. ಆದರೆ ಮಾಸ್ತರರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಜಾತಿಯವರಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರು. ಉತ್ತರವನ್ನೂ ತಾವೇ ಕೊಟ್ಟು ರೂಢಿ.

"ಆರಾಮ ಸಿಕ್ಕದಲ್ಲ, ಸ್ಪ್ರಿಂಗಿಗೆ ಕಸುವು ಬಂದದ. ಮನುಷ್ಯಾಗೂ ಅಷ್ಟ, ಗಾಡಿಗೂ ಅಷ್ಟ."

ಮೊರ ಮತ್ತೆ ಆಡತೊಡಗಿತು.

ಆ ಕಾರಿಗೆ ಹದಿನೈದು ವರ್ಷ ತುಂಬುತ್ತ ಬಂದಿತ್ತು. ಬಿಳಿಯ ಡೀಸೆಲ್ ಕಾರು. ದಿನಾ ಮುಂಜಾನೆ ಎರಡು ಬಟ್ಟೆಯ ಉಪಚಾರ: ಒದ್ದೆಯದೊಂದು, ಒಣಗಿದ್ದೊಂದು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಷೋರೂಮಿನಿಂದ ಬಂದದ್ದು ಹಾಗೇ ಇತ್ತು; ಬೇಸಿಗೆಯಲ್ಲಿ ಕೂತವರ ಬೆನ್ನು ಅದಕ್ಕೆ ಅಂಟಿಕೊಂಡರೆ ಮಾಸ್ತರರು ಬೆನ್ನಿನದೇ ತಪ್ಪು ಅನ್ನುತ್ತಿದ್ದರು. ಹತ್ತುವವರು ಚಪ್ಪಲಿ ಜಾಡಿಸಬೇಕು, ಬಾಗಿಲನ್ನು ಹಾಕಬಾರದು, ಸೇರಿಸಬೇಕು. ಬೀಗರೊಬ್ಬರು ಒಮ್ಮೆ ಬಾಗಿಲನ್ನು ಧಡ್ ಎನ್ನಿಸಿದ್ದಕ್ಕೆ ಎರಡು ವರ್ಷ ಮಾತುಕತೆ ನಿಂತಿತ್ತು.

ಇಷ್ಟೆಲ್ಲ ಇದ್ದರೂ ಮಾಸ್ತರರು ಹದಿನೈದು ವರ್ಷದಲ್ಲಿ ಒಮ್ಮೆಯೂ ಬಾನೆಟ್ ಎತ್ತಿ ನೋಡಿದವರಲ್ಲ. ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರವನ್ನು ಮೂವತ್ತೊಂದು ಸಲ ಬಣ್ಣದ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆದವರು, ಸ್ವಂತ ಎಂಜಿನ್ನಿನ ಮುಖ ನೋಡಿರಲಿಲ್ಲ. ಕಾರು ಮನೆಗೆ ಬಂದ ಹೊಸದರಲ್ಲಿ ಮೆಕ್ಯಾನಿಕ್ ಜಮೀರ್ ಒಂದು ಮಾತು ಹೇಳಿದ್ದ: "ಸರ್, ಮ್ಯಾಲಿಂದು ನಿಮ್ದು, ಒಳಗಿಂದು ನಮ್ದು. ಕೈ ಭಾಳ ಆದ್ರ ಎಂಜಿನ್ ಕೆಡ್ತದ." ಜಮೀರ್ ಅವರದೇ ಶಿಷ್ಯ, ಹತ್ತನೇ ಇಯತ್ತೆಯಲ್ಲಿ ವಿಜ್ಞಾನದಲ್ಲೇ ಡುಮ್ಕಿ ಹೊಡೆದವನು. ಆದರೂ ಈ ಒಂದು ಪಾಠವನ್ನು ಗುರು ಶಿಷ್ಯನಿಂದ ಕಲಿತು, ಅಕ್ಷರಶಃ ಪಾಲಿಸಿದ್ದರು.

ಎಂಜಿನ್ನನ್ನು ಅವರು ಬಲ್ಲದ್ದು ಕಿವಿಯಿಂದ. "ನನ್ನ ಕಣ್ಣಿಗೆ ಬಟ್ಟಿ ಕಟ್ರಿ, ನೂರು ಗಾಡಿ ಸಾಲಿಗೆ ನಿಲ್ಸಿ ಚಾಲೂ ಮಾಡ್ರಿ. ನನ್ನ ಎಂಜಿನ್ ಯಾವ್ದಂತ ಬೆರಳು ಮಾಡಿ ತೋರಸ್ತೀನಿ" ಎಂಬುದು ಮದುವೆ, ತೊಟ್ಟಿಲು, ದಿವಸ ಎಲ್ಲ ಪಂಕ್ತಿಗಳಲ್ಲೂ ಅವರು ಬಡಿಸುತ್ತಿದ್ದ ಮಾತು. ಪುಣ್ಯಕ್ಕೆ ದೇವದುರ್ಗದಲ್ಲಿ ನೂರು ಕಾರು ಒಂದೇ ಸಾಲಿಗೆ ನಿಲ್ಲುವಷ್ಟು ಜಾಗವಿರಲಿಲ್ಲ.

ಆಪರೇಷನ್ ಆಗಿ ಎರಡು ತಿಂಗಳು ದಾಟಿತ್ತು; ಈಗ ಆ ಕಾರನ್ನು ಮಾರಬೇಕಾಗಿತ್ತು. ನೋಂದಣಿಯ ಹದಿನೈದು ವರ್ಷ ಮುಗಿಯಲು ನಾಲ್ಕು ತಿಂಗಳು ಬಾಕಿ. ಕಣ್ಣಿನ ಡಾಕ್ಟರು ಗಾಡಿ ಓಡಿಸಬೇಡಿ ಎಂದಿದ್ದರು; ಅಂದಿನಿಂದ ಅವರು ಅದನ್ನು ಚಾಲೂ ಕೂಡ ಮಾಡಿರಲಿಲ್ಲ. ರಾಯಚೂರಿನ ಗುಜರಿಯವನೊಬ್ಬನನ್ನು ವಿಚಾರಿಸಿದರೆ, ಅವನು ಫೋಟೊ ಕೂಡ ನೋಡದೆ, "ಕಾಟಾ ಮ್ಯಾಲ ನಿಲ್ಲಸ್ರಿ ಸರ್, ಕಿಲೋಕ್ಕ ಇಷ್ಟಂತ ಹೇಳಿಬಿಡ್ತೀನಿ" ಎಂದ. ತಮ್ಮ ಕಾರು ಕಿಲೋ ಲೆಕ್ಕದಲ್ಲಿ ಹೋಗುವುದೆಂಬ ಕಲ್ಪನೆಗೇ ಮಾಸ್ತರರಿಗೆ ಎರಡು ದಿನ ಊಟ ಇಳಿಯಲಿಲ್ಲ. ಬಂದ ಹಾಗೆಯೇ, ಇಡಿಯಾಗಿ, ಯಾರಾದರೂ ಕೂತು ಓಡಾಡುವವರ ಮನೆಗೆ ಅದು ಹೋಗಬೇಕು. ಅವರಿಗೆ ಬೇಕಾದದ್ದು ಅದೊಂದೇ. ಮೊಬೈಲಿನಲ್ಲಿ ಹಾಕುವ ಜಾಹೀರಾತನ್ನು ತಾವೇ ಬರೆದರು, ಕೊನೆಯ ಸಾಲಿಗೆ ಅಡಿಗೆರೆ ಎಳೆಯಲು ಬರುವುದಿಲ್ಲವೆಂದು ಮೌನೇಶ್ವರಿಯ ಮೇಲೆ ಸಿಟ್ಟಾದರು: "ಒಂದು ಸ್ಕ್ರೂ ಸಹ ಕಡಿಮೆಯಾಗಿಲ್ಲ. ಸುಳ್ಳಾದರೆ ನನ್ನನ್ನು ಮಾಸ್ತರನೆಂದು ಕರೆಯಬೇಡಿ."

ಬಂದದ್ದು ಒಂದೇ ಫೋನು. ಮಾನ್ವಿಯ ದಸ್ತಗೀರ್ ಸಾಬ್, ಹಾರ್ಡ್‌ವೇರ್ ಅಂಗಡಿಯವರು. ಹನ್ನೊಂದು ದಿನ ಮಾತುಕತೆ ನಡೆಯಿತು. ದಸ್ತಗೀರ್ ಸಾಬರು ಕೇಳುತ್ತಿದ್ದದ್ದು ಬಾಗಿಲು ಹೇಗಿವೆ, ತಳಕ್ಕೆ ತುಕ್ಕು ಹಿಡಿದಿದೆಯೇ, ಹಿಂದಿನ ಗಾಜು ಒರಿಜಿನಲ್ಲೇ, ಡಿಕ್ಕಿಯ ಮುಚ್ಚಳ ಸರಿಯಾಗಿ ಕೂಡುತ್ತದೆಯೇ ಎಂದು. ಮಾಸ್ತರರು ಹೇಳುತ್ತಿದ್ದದ್ದು ಎಂಜಿನ್ನಿನ ಬಗ್ಗೆ. ಆ ಕಡೆಯಿಂದ "ಹೌದ್ರಿ, ಹೌದ್ರಿ, ಮಾಶಾ ಅಲ್ಲಾ" ಎಂದು ಬರುತ್ತಿತ್ತು. ನಡುವೆ ಮೊಳೆ ತೂಗುವ ಸದ್ದೂ ಬರುತ್ತಿತ್ತು.

"ವಿಚಿತ್ರ ಮನುಷ್ಯಾ" ಎಂದು ಫೋನಿಟ್ಟು ಮಾಸ್ತರರು ಹೇಳಿದರು. "ಎಂಜಿನ್ ಬಗ್ಗೆ ಒಂದ್ ಮಾತು ಕೇಳವಲ್ಲ."

"ಛಲೋನ ಆಯ್ತಲ್ರೀ" ಎಂದಳು ಮೌನೇಶ್ವರಿ, ತೀರಾ ಲಗುಬಗೆಯಿಂದ.

ರವಿವಾರ ಬಂದು ನೋಡುತ್ತೇವೆ ಎಂದಿದ್ದವರು ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಂದು ಗೇಟಿನಲ್ಲಿ ನಿಂತರು. ದೇವದುರ್ಗದಲ್ಲಿ ನಂಟರ ಮನೆಯ ಕಾರ್ಯವಿತ್ತಂತೆ, ಹಾಗೇ ನೋಡಿಕೊಂಡು ಹೋಗೋಣವೆಂದು. ಜೊತೆಗೆ ಮಗಳು ಅರೀಬಾ. ಮಾನ್ವಿಯ ಐಟಿಐ ಒಂದರಲ್ಲಿ ಮೋಟಾರು ಗಾಡಿಗಳ ಪಾಠ ಹೇಳುವವಳು ಎಂದು ತಿಳಿದದ್ದೇ ತಡ, ಮಾಸ್ತರರ ಮುಖ ಅರಳಿತು. ಮೌನೇಶ್ವರಿಯ ಮುಖ ಬಾಡಿತು. ಕಟ್ಟೆಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದ ಎಂಬತ್ತೆರಡರ ವೆಂಕಮ್ಮ, ಮಾಸ್ತರರ ತಾಯಿ, ಕುಟ್ಟಾಣಿ ಬದಿಗಿಟ್ಟಳು.

"ಮೊದ್ಲ ಉಣ್ರೆಪ. ಊಟದ ಹೊತ್ತಾಗ್ಯಾದ. ಗಾಡಿ ಎಲ್ಲಿಗೆ ಓಡಿ ಹೋಗ್ತದ?"

ಮುಂದೆ ನೆನೆದರೆ, ಅಂದು ಆ ಮನೆಯಲ್ಲಿ ಯಾರೂ ಅದಕ್ಕಿಂತ ದೊಡ್ಡ ಸತ್ಯ ನುಡಿದಿರಲಿಲ್ಲ.

"ಊಟ ಆಗ್ಯಾದ್ರಿ ಅಮ್ಮಾ, ಕಾರ್ಯದ ಮನ್ಯಾಗ" ಎಂದರು ದಸ್ತಗೀರ್ ಸಾಬ್. ಅಪ್ಪ ಮಗಳಿಬ್ಬರೂ ನೇರ ಕಾರಿನ ಹಿಂಭಾಗಕ್ಕೆ ನಡೆದರು. ಅರೀಬಾ ಗೇಟಿನಿಂದ ಬರುವಾಗಲೇ ಒಂದು ಗಳಿಗೆ ನಿಂತು, ಕಾರನ್ನು ಬದಿಯಿಂದ ನೋಡಿ, ತಲೆ ಓರೆ ಮಾಡಿದ್ದಳು. ಈಗ ಡಿಕ್ಕಿ ತೆರೆದಳು, ಮುಚ್ಚಿದಳು. ಬೆರಳ ಗೆಣ್ಣಿನಿಂದ ತಗಡು ತಟ್ಟಿ ಕಿವಿಗೊಟ್ಟಳು. ನೆಲಕ್ಕೆ ಕೂತು ತಳ ನೋಡಿದಳು. ಮುಂದಿನ ಬದಿಗೆ ಹೋಗಿ ಅಲ್ಲಿಯೂ ಬಗ್ಗಿ ನೋಡಿ, ಎದ್ದು, ಏನೂ ಹೇಳದೆ ಮತ್ತೆ ಹಿಂದಕ್ಕೆ ಬಂದಳು.

"ಬಾಡಿ ಹೊಸದು ಇದ್ದಂಗೇ ಅದ, ಅಬ್ಬಾ. ನಮಗ ಸಾಕು."

"ಹೆಂಗ ಸಾಕಾಗ್ತದಮ್ಮ?" ಎಂದರು ಮಾಸ್ತರರು. "ಮದುವಿಗೆ ಹೋಗಿ ಬರೇ ಚಪ್ಪರ ನೋಡಿ ಬಂದಂಗಾಯ್ತು. ಎಂಜಿನ್ ನೋಡ್ಲಿಲ್ಲಲ್ಲ!"

"ಬ್ಯಾಡ ಬಿಡ್ರಿ ಸರ್."

"ಬ್ಯಾಡ ಅಂದ್ರ? ನೀನು ಪಾಠ ಹೇಳೋಕಿ. ನಾಕು ಹೊಡೆತ ಯಾವ್ಯಾವು, ಹೇಳು ನೋಡೂಣು."

ಪಾಪ, ಹುಡುಗಿ ನಾಲ್ಕನ್ನೂ ಹೇಳಿದಳು. ಮಾಸ್ತರರು ಎರಡನೆಯದರಲ್ಲಿ ಸಣ್ಣ ತಿದ್ದುಪಡಿ ಮಾಡಿದರು.

"ಕೀಲಿ ಸಿಗವಲ್ದು ನೋಡ್ರಿ" ಎಂದು ಮೌನೇಶ್ವರಿ ಒಳಗಿನಿಂದ ಕೂಗಿದಳು. "ರವಿವಾರ ತೋರಸ್ರಿ. ಅಷ್ಟರಾಗ ಹುಡುಕಿ ಇಟ್ಟಿರ್ತೀನಿ."

"ಬಾನೆಟ್ ಎತ್ತಾಕ ಕೀಲಿ ಯಾಕ ಬೇಕ? ಬಾಗ್ಲ ತೆರದ ಅದ" ಎಂದರು ಮಾಸ್ತರರು. ತೆರೆದೇ ಇರುತ್ತಿತ್ತು, ಅವರು ದಿನಾ ಸಂಜೆ ಸ್ಟೇರಿಂಗ್ ಹಿಂದೆ ಕೂತೇ ಪೇಪರ್ ಓದುತ್ತಿದ್ದದ್ದು. ಈಗ ಒಳಗೆ ಬಗ್ಗಿ ಕೈಯಾಡಿಸಿದರು. ಅವರು ಎಳೆದ ಮೊದಲ ಹಿಡಿಕೆಗೆ ಸೀಟು ಹಿಂದೆ ಜಾರಿತು. ಎರಡನೆಯದಕ್ಕೆ ಡೀಸೆಲ್ ಟ್ಯಾಂಕಿನ ಬಾಯಿ ತೆರೆಯಿತು. ಹದಿನೈದು ವರ್ಷದ ಸಂಸಾರದಲ್ಲಿ ಬಾನೆಟ್ಟಿನ ಹಿಡಿಕೆ ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ.

"ಅಮರ್ಯಾ" ಎಂದಳು ವೆಂಕಮ್ಮ. "ಬ್ಯಾಡ ಅಂತಾರ, ಬಿಡು."

"ಯವ್ವಾ, ನಿನಗ ತಿಳಿಯಂಗಿಲ್ಲ, ಸುಮ್ನಿರು. ಅರೀಬಾ, ಎಳಿಯಮ್ಮ ಅದ್ನ."

ಅರೀಬಾ ಅಪ್ಪನ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು, ನಿಟ್ಟುಸಿರಿಟ್ಟು ಎಳೆದಳು. ಟಕ್ ಎಂದಿತು. ಮಾಸ್ತರರು ಎರಡೂ ಕೈಯಿಂದ, ಮದುಮಗಳ ಸೆರಗು ಸರಿಸುವ ಹಾಗೆ, ಬಾನೆಟ್ ಎತ್ತಿದರು.

ಒಳಗೆ ನೆಲ ಕಾಣುತ್ತಿತ್ತು.

ಮಾಸ್ತರರು ಮೊದಲು ಕಪ್ಪು ಕನ್ನಡಕ ತೆಗೆದರು. ನೆಲ ಇನ್ನೂ ಸ್ಪಷ್ಟವಾಗಿ ಕಾಣಿಸಿತು. ಹೊಸ ಕಣ್ಣು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತೆಂದರೆ, ಅಂಗಳದ ಕೆಮ್ಮಣ್ಣಿನ ಮೇಲೆ ಇರುವೆಗಳ ಸಾಲೊಂದು ಬಲದ ಗಾಲಿಯಿಂದ ಎಡದ ಗಾಲಿಯ ಕಡೆಗೆ, ಎಂಜಿನ್ ಇರಬೇಕಾದ ಜಾಗದ ನಟ್ಟನಡುವೆ, ಅಕ್ಕಿಯ ನುಚ್ಚೊಂದನ್ನು ಹೊತ್ತು ಸಾಗಿದ್ದೂ ಕಂಡಿತು. ಎಲ್ಲವೂ ಒರೆಸಿದಂತೆ ಶುಭ್ರವಾಗಿತ್ತು. ಬದಿಯಲ್ಲಿ ವೈರುಗಳನ್ನು ಕಟ್ಟು ಕಟ್ಟಿ ಸುತ್ತಿ, ಒಂದೊಂದಕ್ಕೂ ರಟ್ಟಿನ ಚೀಟಿ ತೂಗುಬಿಟ್ಟಿತ್ತು. ಮೂಲೆಯಲ್ಲಿ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ. ಅದರ ತುಂಬ ನಟ್ಟು, ಬೋಲ್ಟು, ಸ್ಕ್ರೂ.

ಜಾಹೀರಾತು ಸುಳ್ಳಾಗಿರಲಿಲ್ಲ. ಒಂದು ಸ್ಕ್ರೂ ಸಹ ಕಡಿಮೆಯಾಗಿರಲಿಲ್ಲ.

ಕೊನೆಗೆ ಮಾಸ್ತರರ ಬಾಯಿಂದ ಬಂದದ್ದು ವಿಜ್ಞಾನವೇ.

"ಕೆಲವು ಗಾಡಿಗೆ ಎಂಜಿನ್ ಹಿಂದ ಇರ್ತದ."

"ಹಿಂದ ನಾವು ನೋಡೀವಲ್ರೀ ಸರ್" ಎಂದರು ದಸ್ತಗೀರ್ ಸಾಬ್, ಆಸ್ಪತ್ರೆಯಲ್ಲಿ ಮಾತಾಡುವಷ್ಟು ಮೆಲ್ಲಗೆ. "ಅಲ್ಲಿ ಸ್ಟೆಪ್ನಿ ಅದ."

"ಕಳವು!" ಮಾಸ್ತರರ ದನಿ ಒಮ್ಮೆಲೇ ಏರಿತು. "ಮೌನೇಶ್ವರೀ, ಎಂಜಿನ್ ಕದ್ದಾರ! ಹಾಡಹಗಲಿ... ನನ್ನ ಚಪ್ಪಲಿ ತಾ, ಪೊಲೀಸ್ ಠಾಣೆಗೆ ಹೋಗ್ತೀನಿ."

ಚಪ್ಪಲಿ ಬರಲಿಲ್ಲ. ಅವರು ಒಂದು ಚೀಟಿಯನ್ನು ತಿರುಗಿಸಿದರು. ಅದರಲ್ಲಿ 'ಅ' ಎಂದು ಬರೆದಿತ್ತು. ಮುಂದಿನದರಲ್ಲಿ 'ಆ'. ಆಮೇಲೆ 'ಇ', 'ಈ'. ದುಂಡು ದುಂಡಾದ ಅಕ್ಷರ, ತಲೆಕಟ್ಟಿಗೆ ಪುಟ್ಟ ಸೊನ್ನೆ. ಇಪ್ಪತ್ತೆಂಟು ವರ್ಷ ಅಂಗನವಾಡಿ ಮಕ್ಕಳ ಕೈಹಿಡಿದು ತಿದ್ದಿಸಿದ ಅಕ್ಷರ. ದೇವದುರ್ಗದಲ್ಲಿ ಹಾಗೆ ಬರೆಯುವವರು ಒಬ್ಬರೇ. ಅವರು ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

"ನೀನು?" ಎಂದರು ಮಾಸ್ತರರು.

"ನೀವು ಆಪರೇಷನ್ನಿಗೆ ರಾಯಚೂರಾಗ ಇದ್ದಾಗ ಜಮೀರ್ ಬಿಚ್ಚಿದ. ನಾನು ಚೀಟಿ ಕಟ್ಟಿದೆ" ಎಂದಳು ಮೌನೇಶ್ವರಿ. "ತಿರುಗಿ ಕೂಡಸೂವಾಗ ಅದಲಿಬದಲಿ ಆಗಬಾರ್ದು ನೋಡ್ರಿ."

"ಕಳವಲ್ಲ, ಏನಲ್ಲ, ಕೂಡು" ಎಂದಳು ವೆಂಕಮ್ಮ ಕಟ್ಟೆಯಿಂದ. "ಪಾಲಿಗೆ ಕೊಟ್ಟೀನಿ."

ಪಾಲಿಗೆ ಕೊಡುವುದೆಂದರೇನೆಂದು ಆ ಮನೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಮಸರಕಲ್ಲಿನಲ್ಲಿ ಮಾಸ್ತರರ ತಂದೆ ಪಕೀರಪ್ಪನ ಹಟ್ಟಿಯಲ್ಲಿ ಒಂದು ಕಾಲಕ್ಕೆ ನೂರಿಪ್ಪತ್ತು ಕುರಿ ಇದ್ದವು, ಅದರಲ್ಲಿ ಅರ್ಧ ಪರರವು. ಕುರಿ ಇದ್ದು ಮೇಯಿಸಲಾಗದವರು ಮೇಯಿಸುವವರಿಗೆ ಒಪ್ಪಿಸಬೇಕು, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಅರ್ಧರ್ಧ, ತಾಯಿಕುರಿ ಒಡೆಯನದೇ. ಕಟ್ಟಿಹಾಕಿದ ಕುರಿ ಸೊರಗುತ್ತದೆಂದು ವೆಂಕಮ್ಮ ಬಲ್ಲಳು. ಕಟ್ಟಿಹಾಕಿದ ಎಂಜಿನ್ನೂ ಸೊರಗುತ್ತದೆಂದು ಜಮೀರ್ ಹೇಳಿದ್ದ. ಮಿಕ್ಕ ಲೆಕ್ಕ ಅವಳೇ ಮಾಡಿಕೊಂಡಿದ್ದಳು.

"ಎಂಜಿನ್ ಅಂದ್ರ ಕುರಿ ಏನ್ಬೇ ಯವ್ವಾ?"

"ಕುರಿ ಆಗಿದ್ರ ಇಷ್ಟು ತ್ರಾಸ ಇರ್ತಿರಲಿಲ್ಲ. ಕುರಿಗೆ ಕಣ್ಣಿರ್ತಾವ, ತಾನಽ ನೋಡಿ ನಡೀತದ. ನೀನು ಪೊರಿಗಣ್ಣಾಗ ಬಸ್‌ಸ್ಟ್ಯಾಂಡಿನ ಮುಂದ ಬದನಿಕಾಯಿ ಬುಟ್ಟಿ ಮ್ಯಾಲ ಹತ್ತಿಸಿದಿ. ಬುಟ್ಟಿಯಾಕಿ ಒಂದ್ ಗೇಣು ಈಚಿಗೆ ಕುಂತಿದ್ದಳು."

"ಕೀಲಿ ಮುಚ್ಚಿಟ್ಟೆ" ಎಂದಳು ಮೌನೇಶ್ವರಿ, ತಡೆದಿಟ್ಟಿದ್ದ ಮಾತೆಲ್ಲ ಒಮ್ಮೆಲೇ ಬಂದ ಹಾಗೆ. "ನೀವು ಎರಡನೇ ಕೀಲಿ ಮಾಡಸ್ಕೊಂಡ್ರಿ. ಬ್ಯಾಟ್ರಿ ತಗದೆ. ನೀವು ಹೊಸಾ ಬ್ಯಾಟ್ರಿ ತಂದು ಜಮೀರನ ಕೈಲೆ ಹಾಕಸಿದ್ರಿ. ಇನ್ನ ತಗಿಯಾಕ ಏನ್ ಉಳಿದಿತ್ತು, ನೀವ ಹೇಳ್ರಿ?"

ದಸ್ತಗೀರ್ ಸಾಬರು ಇದರಲ್ಲಿ ನ್ಯಾಯವಿದೆ ಎನ್ನುವಂತೆ ತಲೆ ಆಡಿಸಿ, ತಕ್ಷಣ ನಿಲ್ಲಿಸಿದರು.

ಮಾಸ್ತರರು ಫೋನ್ ತೆಗೆದು ಜಮೀರನಿಗೆ ಹಚ್ಚಿದರು. ಕಿವಿಗಿಟ್ಟುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಸ್ಪೀಕರ್ ಹಾಕಿ ಬಾನೆಟ್ಟಿನ ಅಂಚಿಗಿಟ್ಟರು. ಒಂದು ಡೀಸೆಲ್ ಗಾಡಿಯ ಗಡಗಡ ಕೇಳಿತು.

"ಸಲಾಂ ಸರ್. ಗಬ್ಬೂರ ದಾಟಾಕತ್ತೀನಿ. ಮಸರಕಲ್ಲಿನ ಮದುಮಗ ಸೂಟು ಹೊಲಿಸಾಕ ರಾಯಚೂರಿಗೆ ಹೊಂಟಾನ, ಕರಕೊಂಡು..."

"ಜಮೀರ್. ನನ್ನ ಎಂಜಿನ್ ಎಲ್ಲದ?"

ಆ ಕಡೆ ಗಡಗಡ ಮೆಲ್ಲಗಾಯಿತು. ಗಾಡಿ ಬದಿಗೆ ನಿಂತಿತೆಂದು ಕಾಣುತ್ತದೆ.

"ಬಾನೆಟ್ ಎತ್ತಿದ್ರೇನ್ರೀ ಸರ್?" ಎಂದ ಜಮೀರ್, ಜೀವ ಹಾರಿದವನಂತೆ. "ನೀವು? ಬಾನೆಟ್ಟು? ...ಅವ್ವಾರು ಶನಿವಾರ ತಿರುಗಿ ಕೂಡ್ಸು ಅಂದಿದ್ರಿ. ನಿಮ್ಮನ್ನ ಮಸರಕಲ್ಲಿಗೆ ಕಳಸ್ತೀವಿ, ಸಂಜೀತನ ಬರಂಗಿಲ್ಲ ಅಂದಿದ್ರು. ನಾನು ಮಾಡಾಂವಿದ್ದೆ ಸರ್, ಖುದಾ ಕಸಂ."

"ಎಲ್ಲದ ಅಂತ ಕೇಳಿದೆ."

"ಇಲ್ಲೇ ಅದ್ರೀ. ನನ್ನ ಟ್ಯಾಕ್ಸ್ಯಾಗ. ನಂದು ಎಂಜಿನ್ ಜಾಮಾಗಿ ಸೀಜ್ ಆಗಿತ್ತಲ್ರೀ, ಎರಡೂ ಗಾಡಿ ಒಂದೇ ಮಾಡೆಲ್ಲು... ಈಗ ಕೇಳಾಕತ್ತೀರಲ್ಲ ಸದ್ದು, ಇದು ನಿಮ್ದೇ ಸರ್."

ಅಂಗಳದಲ್ಲಿ ಐದು ಜನ ಆ ಗಡಗಡಕ್ಕೆ ಕಿವಿಗೊಟ್ಟು ನಿಂತರು. ಮಾಸ್ತರರ ಮುಖದಿಂದ ಬಣ್ಣ ಮೆಲ್ಲಗೆ ಇಳಿಯಿತು. ಏಕೆಂದರೆ ಆಪರೇಷನ್ ಆದ ಮೇಲೆ ಜಮೀರನ ಟ್ಯಾಕ್ಸಿಯಲ್ಲೇ ಅವರು ಕಣ್ಣು ತೋರಿಸಲು ರಾಯಚೂರಿಗೆ ಓಡಾಡಿದ್ದು. ಒಂದಲ್ಲ, ಎರಡಲ್ಲ, ಹತ್ತು ಗುರುವಾರ. ಮುಂದಿನ ಸೀಟಿನಲ್ಲೇ, ಎಂಜಿನ್ನಿಗೆ ಒಂದು ಮೊಳ ಹಿಂದೆ. ಹತ್ತೂ ಗುರುವಾರ, ದೇವದುರ್ಗ ದಾಟಿ ಐದನೆಯ ನಿಮಿಷಕ್ಕೆ, ಅವರು ಅದೇ ಮಾತು ಶುರು ಮಾಡಿದ್ದರು: "ಏನಿದೋ ಜಮೀರ, ಕೆಮ್ಮಾಕತ್ತದಲ್ಲೋ. ಇದಕ್ಕ ಎಂಜಿನ್ ಅಂತಾರೇನು? ನನ್ನ ಗಾಡಿ ಚಾಲೂ ಮಾಡಿದ್ರ ವೀಣಿ ಮೀಟಿದಂಗಿರ್ತದ. ಈ ಡಬ್ಬಿ ಮಾರಿಬಿಡು." ಜಮೀರ್ ಹತ್ತೂ ಸಲ "ಹೌದ್ರೀ ಸರ್" ಎಂದಿದ್ದ. ಇಳಿದಾಗ ಬಾಡಿಗೆ ಕೊಡಹೋದರೆ ಕೈ ಮುಗಿದು ಬೇಡವೆಂದಿದ್ದ. ಈ ಕಾಲದಲ್ಲೂ ಇಂಥ ಗುರುಭಕ್ತಿ ಉಳಿದಿದೆಯಲ್ಲ ಎಂದು ಮಾಸ್ತರರು ಊರೆಲ್ಲ ಹೇಳಿಕೊಂಡು ತಿರುಗಿದ್ದರು.

"ಬಾಡಿಗಿ ತಗೊಳ್ಳಲಿಲ್ಲಲ್ಲ, ಅದು..." ಎಂದು ತಾಯಿಯ ಕಡೆ ತಿರುಗಿದರು.

"ಅದು ಮರಿ" ಎಂದಳು ವೆಂಕಮ್ಮ. "ನಮ್ಮ ಪಾಲಿನ ಮರಿ. ನಮ್ಮ ಮನ್ಯಾರು ಯಾರು ಎಲ್ಲಿಗೆ ಹೊಂಟ್ರೂ ಬಾಡಿಗಿ ಇಲ್ಲ ಅಂತ ಮಾತಾಗಿತ್ತು."

ಗುರುಭಕ್ತಿಯೂ ಹೋಯಿತು. ಮಾಸ್ತರರು ಕಾರಿನ ಅಂಚು ಹಿಡಿದುಕೊಂಡರು. ಹಗುರಾದ ಮುಂಭಾಗ ಅವರ ಭಾರಕ್ಕೆ ತುಸು ತಗ್ಗಿತು.

"ಜಮೀರ, ಕೇಳಿಲ್ಲಿ. ಈಗಿಂದೀಗ ತಿರುಗು. ಮದುಮಗನ್ನ ಗಬ್ಬೂರಾಗ ಇಳ್ಸು, ಬಸ್ಸಿಗೆ ಹೋಗ್ಲಿ. ಸಂಜಿಯೊಳಗ ನನ್ನ ಎಂಜಿನ್ ನನ್ನ ಗಾಡ್ಯಾಗ ಇರಬೇಕು. ಮಾತು ಕೊಟ್ಟೀನಿ ಇವರಿಗೆ."

"ಆಯ್ತ್ರೀ ಸರ್" ಎಂದ ಜಮೀರ್. ಎದುರಾಡಲಿಲ್ಲ. ಹಿಂದಿನ ಸೀಟಿನಿಂದ ಮದುಮಗ "ಏ, ನಂದು ಅಳತಿ ಒಂದೂವರಿಗೆ ಅದಲೋ" ಎಂದದ್ದು ಕೇಳಿತು. "ಇಳಸ್ತೀನಿ ಸರ್. ನಂದು... ನೋಡೂಣು. ನಿಮ್ದು ನಿಮಗ."

"ತಡಿ" ಎಂದಳು ವೆಂಕಮ್ಮ.

ಅವಳು ಕಟ್ಟೆಯಿಂದ ಇಳಿದು, ಕೋಲೂರಿ, ಕಾರಿನ ತನಕ ಬಂದು, ಎಂಜಿನ್ ಇಲ್ಲದ ಜಾಗವನ್ನು ಒಂದು ಸಲ ಇಣುಕಿ ನೋಡಿದಳು, ಬಾವಿಯ ನೀರಿನ ಮಟ್ಟ ನೋಡುವ ಹಾಗೆ.

"ಪಾಲು ಹರಿಯೂ ದಿನ ನಿಮ್ಮಪ್ಪ ಏನ್ ಮಾಡ್ತಿದ್ದ, ನೆನಪದ ಏನು?"

ಮಾಸ್ತರರಿಗೆ ನೆನಪಿತ್ತು. ಪಕೀರಪ್ಪನ ಹಟ್ಟಿಯಲ್ಲಿ ಕಿವಿಗೆ ಗುರುತು ಕತ್ತರಿಸುವ ಪದ್ಧತಿ ಇರಲಿಲ್ಲ. ಕುರಿಗಳನ್ನೆಲ್ಲ ಬೆರೆಸಿ ಬಿಡುವುದು. ಒಡೆಯ ನಡುವೆ ನಿಂತು ತನ್ನ ತಾಯಿಕುರಿಯನ್ನು ಕೈಯಿಟ್ಟು ತೋರಿಸುವುದು. ತೋರಿಸಿದರೆ ಹೊಡೆದುಕೊಂಡು ಹೋಗುವುದು.

"ತೋರಸ್ಲಿಲ್ಲಂದ್ರ?"

ಫೋನಿನಲ್ಲಿ ಎಂಜಿನ್ ಗಡಗಡ ಎನ್ನುತ್ತಲೇ ಇತ್ತು.

"ತೋರಸ್ಲಿಲ್ಲಂದ್ರ ಮೇಸಿದವಂದು" ಎಂದು ಅವಳೇ ಮುಗಿಸಿದಳು. "ತಂದು ತಾ ಗುರ್ತ ಹಿಡೀದಾಂವಗ ಕುರಿ ಯಾಕ ಬೇಕು? ನಿಮ್ಮಪ್ಪನಽ ಒಂದ್ ಸಲ ಚಂದ್ರಬಂಡದಾಗ ತನ್ನ ಮೂರು ಕುರಿ ಗುರ್ತ ಹತ್ತದ ಬಿಟ್ಟು ಬಂದಾನ, ದಾರಿತುಂಬ ಮೂಗು ಒರಸ್ಕೋಂತ. ಜಮೀರ ನಿನ್ನ ಒಂದ್ ಸಲ ಅಲ್ಲ, ಹತ್ತು ಸಲ ಕರಕೊಂಡು ಹೋಗಿ ಮುಂದ ಕುಂಡ್ರಿಸ್ಯಾನ. ಕಣ್ಣಿಗೆ ಬಟ್ಟೀನೂ ಕಟ್ಟಿದ್ರು ದವಾಖಾನ್ಯಾಗ. ಹತ್ತೂ ಸಲ ಇದು ನಂದಲ್ಲ ಅಂದಿ."

ಅಂಗಳದಲ್ಲಿ ಯಾರೂ ನಗಲಿಲ್ಲ. ನಗದಿರಲು ದಸ್ತಗೀರ್ ಸಾಬರು ಗೇಟಿನ ಆಚೆಯ ಬೇವಿನ ಮರವನ್ನು ಬಹಳ ಆಸ್ಥೆಯಿಂದ ನೋಡಬೇಕಾಯಿತು.

ಮಾಸ್ತರರು ಫೋನಿಗೆ ಬಗ್ಗಿದರು. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಕೇಳಿದರು. ವೀಣೆ ಎಲ್ಲೂ ಇರಲಿಲ್ಲ. ಯಾರದೋ ಮನೆಯ ಯಾವುದೋ ಡೀಸೆಲ್ ಎಂಜಿನ್ ಸುಮ್ಮನೆ ತನ್ನ ಕೆಲಸ ಮಾಡುತ್ತಿತ್ತು.

"ಜಮೀರ."

"ಸರ್."

"ಹೋಗು. ಅವನ ಅಳತಿ ಹೊತ್ತಾಗ್ತದ."

ಫೋನ್ ಇಟ್ಟು ಅವರು ದಸ್ತಗೀರ್ ಸಾಬರ ಎದುರು ನಿಂತರು. ಕೈ ಕಟ್ಟಿಕೊಂಡು, ಶಾಲೆಯ ಇನ್‌ಸ್ಪೆಕ್ಟರರ ಮುಂದೆ ನಿಲ್ಲುತ್ತಿದ್ದ ಹಾಗೆ.

"ಸಾಹೇಬ್ರ, ನನ್ನ ಹಂತ್ಯಾಕ ಮಾರಾಕ ಗಾಡಿ ಇಲ್ಲ. ಹನ್ನೊಂದು ದಿನ ನಿಮಗ ಸುಳ್ಳು ಹೇಳೀನಿ, ಗೊತ್ತಿಲ್ದ. ಮಾಸ್ತರ ಅನಬ್ಯಾಡ್ರಿ ಅಂತ ಬರೆದಿದ್ದೆ, ಅನಬ್ಯಾಡ್ರಿ. ಇದು ಇನ್ನ ಕಾಟಾಕ್ಕಽ ಹೋಗ್ತದ."

ದಸ್ತಗೀರ್ ಸಾಬರು ಟೋಪಿ ತೆಗೆದು ತಲೆ ತುರಿಸಿ ಮತ್ತೆ ಹಾಕಿಕೊಂಡರು. ಮಗಳನ್ನು ನೋಡಿದರು. ಅವಳು ಹೇಳಿಬಿಡು ಎಂದು ಹುಬ್ಬು ಹಾರಿಸಿದಳು.

"ಸರ್, ಬುರಾ ಮತ್ ಮಾನೋ. ಸುಳ್ಳು ಅಂದ್ರ ನಂದೂ ಸ್ವಲ್ಪ ಅದ. ನಮಗ ನಿಮ್ಮ ಎಂಜಿನ್ ಬೇಕಾಗೇ ಇರಲಿಲ್ಲ."

"ಏನು?"

"ಇದೇ ಮಾಡೆಲ್ ನಮ್ದೊಂದು ಅದ. ಪೋತ್ನಾಳದಾಗ ರೋಡಿನ ಬಾಜೂ ನಿಲ್ಲಿಸಿದ್ದೆ, ಭತ್ತದ ಲಾರಿ ರಿವರ್ಸ್ ಬಂತು. ಹಿಂದಿನ ಸೀಟಿನತನ ರೊಟ್ಟಿ ಆಗ್ಯಾದ. ಎಂಜಿನ್ನಿಗೆ ಒಂದ್ ಗೀರೂ ಇಲ್ಲ. ನಮಗ ಬಾಡಿ ಬೇಕಿತ್ರಿ. ನೀವು ಫೋನ್ಯಾಗ ಎಂಜಿನ್ ಎಂಜಿನ್ ಅಂತಿದ್ರಿ... ಅಷ್ಟು ಪ್ರೀತೀಲೆ ಹೇಳಾಂವಗ ಬ್ಯಾಡ ಅಂತ ಹೆಂಗನ್ನಲಿ? ತಗೊಂಡು ಹೋಗಿ ನಿಮ್ಮ ಎಂಜಿನ್ ಇಳಿಸಿ ಏನ್ ಮಾಡೂದು ಅಂತ ನಮ್ಮ ಮನ್ಯಾಗ ದಿನಾ ಅದೇ ಚರ್ಚಾ."

ಅಂದಿನ ಆಘಾತಗಳ ಪೈಕಿ ಮಾಸ್ತರರನ್ನು ನಿಜಕ್ಕೂ ಕೂರಿಸಿದ್ದು ಇದು. ಅವರು ಕಟ್ಟೆಯ ಮೇಲೆ ಕುಸಿದರು. ಎಂಜಿನ್ ಇಲ್ಲದ್ದನ್ನು ತಡೆದುಕೊಳ್ಳಬಹುದಿತ್ತು. ಅದು ಯಾರಿಗೂ ಬೇಕಾಗಿಯೇ ಇರಲಿಲ್ಲವೆಂಬುದನ್ನು ಮೂವತ್ತೊಂದು ವರ್ಷದ ವಿಜ್ಞಾನವೂ ಅವರಿಗೆ ಕಲಿಸಿರಲಿಲ್ಲ.

"ನನಗ ಗೇಟಿನಾಗೇ ಗೊತ್ತಾಯ್ತ್ರಿ ಸರ್" ಎಂದಳು ಅರೀಬಾ. "ಎಂಜಿನ್ ಇಳಿಸಿದ ಗಾಡಿ ಹಿಂಗ ಮೂಗೆತ್ತಿ ನಿಲ್ತಾವ. ಭಾರ ಇರಂಗಿಲ್ಲಲ್ರೀ."

"ಸ್ಪ್ರಿಂಗಿಗೆ ಕಸುವು ಬಂದದ ಅನಕೊಂಡಿದ್ದೆ" ಎಂದರು ಮಾಸ್ತರರು ಯಾರಿಗೋ ಎಂಬಂತೆ.

ಆಮೇಲೆ ಮಾತು ದರಕ್ಕೆ ಬಂತು. ಎಂಜಿನ್ ಇಲ್ಲವೆಂದ ಮೇಲೆ ಸ್ವಲ್ಪ ಮುರಿಯಬೇಕಾಗುತ್ತದೆ ಎಂದರು ದಸ್ತಗೀರ್ ಸಾಬ್. "ಬ್ಯಾಡಾಗಿದ್ದ ಎಂಜಿನ್ನಿಗೆ ಯಾಕ ರೊಕ್ಕ ಮುರಕೋತಿ, ತಮ್ಮಾ?" ಎಂದು ವೆಂಕಮ್ಮ ಕೇಳಿದಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೂವತ್ತು ವರ್ಷ ಕೂತವರು ಸೋತು ನಕ್ಕರು. ಸ್ವಲ್ಪ ಹೆಸರಿಗೆ ಮುರಿದರು. ರಾಯಚೂರಿನ ಆರ್‌ಟಿಒ ಕಚೇರಿಯಲ್ಲಿ ಎಂಜಿನ್ ನಂಬರು ಬದಲಿಸುವ ಕೆಲಸವನ್ನು ಅರೀಬಾ ವಹಿಸಿಕೊಂಡಳು. ಖರೀದಿ ಪತ್ರವನ್ನು ಮಾಸ್ತರರೇ ಬರೆಯಬೇಕೆಂದಾಯಿತು. ಅವರ ಅಕ್ಷರ ತಾಲೂಕಿಗೇ ಹೆಸರಾದದ್ದು. 'ಸುಸ್ಥಿತಿಯಲ್ಲಿರುವ ಡೀಸೆಲ್ ಕಾರನ್ನು' ಎಂದು ಬರೆದು ಪೆನ್ನು ನಿಂತಿತು. ಕೊನೆಗೆ ಮುಂದಿನ ಸಾಲಿಗೆ 'ಎಂಜಿನ್ ಹೊರತುಪಡಿಸಿ' ಎಂದು ಬರೆದು, ಇದಕ್ಕೆ ಯಾರೂ ಕೇಳದಿದ್ದರೂ ಅಡಿಗೆರೆ ಎಳೆದರು. ಕೆಳಗೆ, 'ಸ್ಕ್ರೂಗಳು, ಪೂರ್ತಿ, ಡಬ್ಬಿ ಸಮೇತ'.

ಓಣಿಯ ಅಯ್ಯಪ್ಪನ ಟ್ರಾಕ್ಟರು ಹುಲ್ಲು ತರಲು ಪೋತ್ನಾಳಕ್ಕೆ ಹೊರಟಿತ್ತು. ಮಾನ್ವಿಯ ತನಕ ಎಳೆದುಕೊಂಡು ಹೋಗಲು ಒಪ್ಪಿ, ಅವನು ಹಗ್ಗದೊಂದಿಗೆ ಬಂದ. ಓಣಿಯ ಬಾಗಿಲುಗಳಲ್ಲಿ ಒಬ್ಬೊಬ್ಬರೇ ಕಾಣಿಸಿಕೊಂಡರು. ಹದಿನೈದು ವರ್ಷ ಆ ಎಂಜಿನ್ನಿನ ವರ್ಣನೆ ಕೇಳಿದವರು ಅದರ ಕಾರು ಹಗ್ಗದಲ್ಲಿ ಹೋಗುವುದನ್ನು ಬಿಟ್ಟಾರೆಯೇ?

"ಏನ್ರೀ ಮಾಸ್ತರ, ಗಾಡಿ ಕೆಟ್ಟಿತೇನ್ರಿ?" ಎಂದ ಅಯ್ಯಪ್ಪ, ಓಣಿಗೆಲ್ಲ ಕೇಳುವಂತೆ.

ಮಾಸ್ತರರು ಕಡೆಯ ಸಲ ಒಣಬಟ್ಟೆಯಿಂದ ಮುಂದಿನ ಗಾಜು ಒರೆಸುತ್ತಿದ್ದರು. ಬಟ್ಟೆ ಮಡಚಿದರು.

"ಗಾಡಿಗೇನಾಗ್ಯಾದ? ಗಾಡಿ ಭೇಷ್ ಅದ. ಎಂಜಿನ್ ರಾಯಚೂರಿಗೆ ಹೋಗ್ಯಾದ. ಸಂಜಿಗೆ ಬರ್ತದ."

ಅಯ್ಯಪ್ಪ ಬಗ್ಗಿ ಹಗ್ಗ ಬಿಗಿಯತೊಡಗಿದ. ಅರೀಬಾ ಸ್ಟೇರಿಂಗ್ ಹಿಡಿದು ಕೂತಳು, ಹತ್ತುವ ಮೊದಲು ಚಪ್ಪಲಿ ಜಾಡಿಸಿ. ಬಾಗಿಲನ್ನು ಹಾಕಲಿಲ್ಲ, ಸೇರಿಸಿದಳು. ಬಿಳಿಯ ಕಾರು ಮೂಗೆತ್ತಿಕೊಂಡು, ಸದ್ದಿಲ್ಲದೆ, ಸಿರವಾರದ ದಾರಿ ಹಿಡಿಯಿತು.

ಸಂಜೆ ಮಾಸ್ತರರು ಖಾಲಿ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಪೇಪರು ತೊಡೆಯ ಮೇಲೆ ಮಡಚಿಕೊಂಡೇ ಇತ್ತು. ರಾಯಚೂರಿನ ರಸ್ತೆಯ ಕಡೆ ಕಿವಿ ಕೊಟ್ಟು, ಕಣ್ಣು ಮುಚ್ಚಿದ್ದರು. ಮೌನೇಶ್ವರಿ ಚಹಾ ತಂದು ಪಕ್ಕದಲ್ಲಿಟ್ಟಳು. ಒಂದು ಗಾಡಿ ಬಂತು, ಹೋಯಿತು. ಮಾಸ್ತರರು ಅಲ್ಲವೆಂದು ತಲೆ ಆಡಿಸಿದರು. ಇನ್ನೊಂದು ಬಂತು. ಅದೂ ಅಲ್ಲ. ಮೂರನೆಯದು ದೂರದಲ್ಲಿ ಕೇಳಿಸಿದಾಗಲೇ ಅವರ ಬೆನ್ನು ನೆಟ್ಟಗಾಯಿತು. ಅದು ತಿರುವು ದಾಟುತ್ತಲೂ ಎದ್ದು ನಿಂತರು.

"ಇದು" ಎಂದರು, ಬೆರಳು ಮಾಡಿ. "ಇದು ನೋಡು, ನಂದು."

ಪುರಸಭೆಯ ನೀರಿನ ಟ್ಯಾಂಕರು ನಿಧಾನವಾಗಿ ಮನೆಯ ಮುಂದೆ ಹಾದುಹೋಯಿತು.